ಕಪ್ಪುಕುಳಿ ಹಾಡಿತಂತೆ, ಕೇಳಿದ್ರಾ?

2022ರ ಆಗಸ್ಟ್‌ನಲ್ಲಿ ನಾಸಾದ ಒಂದು ಟ್ವಿಟರ್ ಖಾತೆ 34 ಸೆಕೆಂಡಿನ ಒಂದು ಕ್ಲಿಪ್ ಹಾಕಿತು. ಕಪ್ಪುಕುಳಿಯ ದನಿ, ಕೇಳಿ ಅಂತ. ನೀವೂ ಕೇಳಿರ್ತೀರಿ. ಆಫೀಸ್ ಗ್ರೂಪಲ್ಲೋ ಕಾಲೇಜ್ ಗ್ರೂಪಲ್ಲೋ ಯಾರೂ ಫಾರ್ವರ್ಡ್ ಮಾಡದೇ ಬಿಟ್ಟಿರೋ ಸಾಧ್ಯತೆ ಕಡಿಮೆ. ಹಳೇ ಬಂಗಲೆಯ ನೆಲಮಾಳಿಗೆಯಲ್ಲಿ ಯಾರೋ ನರಳಿದ ಹಾಗೆ, ಆ ನರಳಿಕೆಗೆ ಹತ್ತಾರು ಮಂದಿ ದನಿಗೂಡಿಸಿದ ಹಾಗೆ, ಉಬ್ಬಿ ಇಳಿಯುವ ಒಂದು ಗುಂಗು. ರಾತ್ರಿ ಹೊತ್ತು ಹೆಡ್‌ಫೋನ್ ಹಾಕಿ ಕೇಳಿದರೆ ಬೆನ್ನಲ್ಲಿ ಸಣ್ಣಗೆ ಚಳಿ ಹತ್ತುತ್ತೆ. ಕೇಳಿದ ಬಹಳಷ್ಟು ಜನ ಹಾರರ್ ಸಿನಿಮಾ ನೆನಪಿಸಿಕೊಂಡರು. ಕೋಟಿಗಟ್ಟಲೆ ಪ್ಲೇ ಆಯ್ತು. ಆಮೇಲೆ ಎಲ್ಲರೂ ಮುಂದಿನ ರೀಲಿಗೆ ಹೋದ್ವಿ.

ಒಂದು ಸಿನಿಮಾ ಬಂದರೆ ನಾವು ಸುಮ್ಮನೆ ಬಿಡಲ್ಲ. ಯಾರು ಮಾಡಿದ್ದು, ಕಥೆ ಎಲ್ಲಿಂದ ಎತ್ತಿದ್ದು, ಹೇಳಬೇಕಾದ್ದನ್ನ ಹೇಳಿತಾ, ಸುಮ್ನೆ ಬಿಲ್ಡಪ್ಪಾ ಅಂತ ಜಾಲಾಡ್ತೀವಿ. ಹೊಸ ದರ್ಶಿನಿಯ ಬೆಣ್ಣೆ ದೋಸೆಗೂ ರಿವ್ಯೂ ಬರೀತೀವಿ. ಆದರೆ ವಿಜ್ಞಾನ ಅನ್ನೋ ಹಣೆಪಟ್ಟಿ ಕಂಡ ಕೂಡಲೇ ನಮ್ಮೊಳಗಿನ ವಿಮರ್ಶಕ ರಜೆ ಹಾಕ್ತಾನೆ. 'ವಾವ್' ಒಂದೇ ನಮ್ಮ ವಿಮರ್ಶೆ. ಅದಕ್ಕೇ ಈ 34 ಸೆಕೆಂಡನ್ನ ಒಂದು ಕೃತಿ ಅಂತಲೇ ತಗೊಂಡು ಮಾತಾಡೋಣ ಅಂದ್ಕೊಂಡಿದೀನಿ. ತೀರ್ಪನ್ನ ಮೊದಲೇ ಹೇಳಿಬಿಡ್ತೀನಿ, ಸಸ್ಪೆನ್ಸ್ ಬೇಡ. ಇದು ಒಂದು ಒಳ್ಳೆಯ ಅನುವಾದ. ಮುಖಪುಟದಲ್ಲಿ 'ಅನುವಾದ' ಅನ್ನೋ ಪದ ಬಿಟ್ಟುಹೋಗಿರುವ ಅನುವಾದ. ಆ ಒಂದು ಪದ ಬಿಟ್ಟುಹೋದದ್ದರಿಂದ ಮೂಲ ಕೃತಿಯೇ ನಮ್ಮ ಕೈತಪ್ಪಿದೆ.

ಹಾಗಾದ್ರೆ ಮೂಲ ಏನು?

ನಮ್ಮಿಂದ ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಪರ್ಸಿಯಸ್ ಅನ್ನೋ ಗ್ಯಾಲಕ್ಸಿಗಳ ಗುಚ್ಛ ಇದೆ. ಗುಚ್ಛ ಅಂದರೆ ನೂರಾರು, ಸಾವಿರಾರು ಗ್ಯಾಲಕ್ಸಿಗಳ ಒಂದು ವಠಾರ. ಅದರ ನಟ್ಟನಡುವೆ ಕೂತಿರೋದು ಎನ್‌ಜಿಸಿ 1275 ಅನ್ನೋ ದೈತ್ಯ ಗ್ಯಾಲಕ್ಸಿ. 1943ರಲ್ಲಿ ಕಾರ್ಲ್ ಸೈಫರ್ಟ್ ಎಂಬ ಅಮೆರಿಕದ ಖಗೋಳವಿಜ್ಞಾನಿ, ನಡುಭಾಗ ಮಾತ್ರ ವಿಚಿತ್ರವಾಗಿ ಉರಿಯುವ ಕೆಲವೇ ಗ್ಯಾಲಕ್ಸಿಗಳನ್ನ ಆರಿಸಿ ಅಧ್ಯಯನ ಮಾಡಿದ. ಆ ಪುಟ್ಟ ಪಟ್ಟಿಯಲ್ಲಿ ಇದೂ ಇತ್ತು. ಇಂಥವನ್ನ ಈಗ ಸಕ್ರಿಯ ಗ್ಯಾಲಕ್ಸಿ ಅಂತೀವಿ. ನಡುವೆ ಒಂದು ಭಾರೀ ಕಪ್ಪುಕುಳಿ. ಅದರ ಸುತ್ತ ಸುಳಿದು ಬೀಳುವ ಅನಿಲ. ಬೀಳುವ ದಾರಿಯಲ್ಲಿ ಉಜ್ಜಿ ಕಾದು ಬೆಳಗುವ ತಟ್ಟೆ. ಆ ತಟ್ಟೆಯ ಹತ್ತಿರದಿಂದ ಎರಡು ದಿಕ್ಕಿಗೆ ಚಿಮ್ಮುವ ಕಾರಂಜಿಗಳು. ಕಪ್ಪುಕುಳಿ ಕಾಣಲ್ಲ, ಅದರ ಸುತ್ತಲಿನ ಗಲಾಟೆ ಕಾಣುತ್ತೆ.

ಗ್ಯಾಲಕ್ಸಿಗಳ ನಡುವಿನ ಜಾಗ ಖಾಲಿ ಅಂತ ನಾವು ಅಂದ್ಕೊಂಡಿರ್ತೀವಿ. ಗುಚ್ಛಗಳಲ್ಲಿ ಹಾಗಿಲ್ಲ. ಅಲ್ಲಿ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲ ತುಂಬಿಕೊಂಡಿದೆ. ಅಷ್ಟು ಕಾದದ್ದು ನಮ್ಮ ಕಣ್ಣಿಗೆ ಕಾಣುವ ಬೆಳಕಲ್ಲಿ ಹೊಳೆಯಲ್ಲ, ಎಕ್ಸ್-ರೇಯಲ್ಲಿ ಹೊಳೆಯುತ್ತೆ. ಆ ಎಕ್ಸ್-ರೇಗಳನ್ನ ನಮ್ಮ ವಾತಾವರಣ ನೆಲಕ್ಕೆ ಬಿಡೋದಿಲ್ಲ. (ಬಿಟ್ಟಿದ್ದರೆ ಈ ಅಂಕಣ ಓದೋಕೆ ಯಾರೂ ಇರ್ತಿರಲಿಲ್ಲ ಬಿಡಿ.) ಅದಕ್ಕೇ ದೂರದರ್ಶಕವನ್ನೇ ಮೇಲೆ ಕಳಿಸಬೇಕು. 1999ರ ಜುಲೈನಲ್ಲಿ ಹಾರಿದ ಚಂದ್ರ ದೂರದರ್ಶಕ, ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನದು, ಮಾಡ್ತಿರೋದು ಇದೇ ಕೆಲಸ. ಅದರ ಕನ್ನಡಿಗಳೂ ವಿಚಿತ್ರ. ಎಕ್ಸ್-ರೇ ನೇರವಾಗಿ ಬಿದ್ದರೆ ಕನ್ನಡಿಯೊಳಕ್ಕೇ ಹೊಕ್ಕುಬಿಡುತ್ತೆ. ಕೆರೆ ದಂಡೇಲಿ ನಿಂತು ಚಪ್ಪಟೆ ಕಲ್ಲನ್ನ ಓರೆಯಾಗಿ ಎಸೆದರೆ ಅದು ನೀರ ಮೇಲೆ ಕುಪ್ಪಳಿಸಿ ಹೋಗುತ್ತಲ್ಲ, ಹಾಗೆ ಸವರಿಕೊಂಡು ಹೋಗುವಂತೆ ಮಾಡಿದರೆ ಮಾತ್ರ ಅದು ತಿರುಗಿ ಒಂದು ಬಿಂದುವಿಗೆ ಬರುತ್ತೆ. ಬಂದ ಒಂದೊಂದು ಫೋಟಾನನ್ನೂ ಚಂದ್ರ ಲೆಕ್ಕ ಇಡುತ್ತೆ: ಯಾವ ದಿಕ್ಕಿಂದ ಬಂತು, ಎಷ್ಟೊತ್ತಿಗೆ ಬಂತು, ಎಷ್ಟು ಶಕ್ತಿ ಹೊತ್ತು ಬಂತು. ಚಂದ್ರ ಕಳಿಸೋದು ಫೋಟೋ ಅನ್ನೋದಕ್ಕಿಂತ ಹಾಜರಿ ಪುಸ್ತಕ. ಚಿತ್ರ ಆಮೇಲೆ ನಾವು ಬರೆದುಕೊಳ್ಳೋದು.

2003ರಲ್ಲಿ ಕೇಂಬ್ರಿಜ್‌ನ ಆಂಡ್ರ್ಯೂ ಫೇಬಿಯನ್ ಮತ್ತವರ ತಂಡ 53 ಗಂಟೆಗಳ ಅಂಥ ಹಾಜರಿಯನ್ನ ಕೂಡಿಸಿ ಪರ್ಸಿಯಸ್ಸಿನ ಚಿತ್ರ ಮಾಡಿದರು. ಆ ಚಿತ್ರವನ್ನೇ ಸ್ವಲ್ಪ ಮಸುಕು ಮಾಡಿ, ಮಸುಕನ್ನ ಮೂಲದಿಂದ ಕಳೆದರು. ಫೋಟೋ ಎಡಿಟ್ ಮಾಡೋರಿಗೆ ಈ ತಂತ್ರ ಗೊತ್ತಿರುತ್ತೆ. ಆಗ ಎದ್ದು ಬಂತು: ನಡುವಿನ ಕಪ್ಪುಕುಳಿಯ ಸುತ್ತ, ಕೊಳಕ್ಕೆ ಕಲ್ಲು ಹಾಕಿದರೆ ಏಳುವಂಥ ಉಂಗುರ ಉಂಗುರ ಅಲೆಗಳು. ಕಾರಂಜಿಗಳು ಅನಿಲದಲ್ಲಿ ಗುಳ್ಳೆ ಊದಿವೆ. ಗುಳ್ಳೆಗಳು ಉಬ್ಬುವಾಗ ಸುತ್ತಲಿನ ಅನಿಲವನ್ನ ಒತ್ತಿವೆ. ಒತ್ತಡದ ಅಲೆ ಹೊರಕ್ಕೆ ಹೊರಟಿದೆ. ಅನಿಲದಲ್ಲಿ ಸಾಗುವ ಒತ್ತಡದ ಅಲೆಗೆ ನಾವು ಏನಂತೀವಿ? ಶಬ್ದ ಅಂತಲೇ. ಆ ಗುಳ್ಳೆಗಳನ್ನ ಊದೋಕೆ ಬೇಕಾದ ಶಕ್ತಿ 10 ಕೋಟಿ ಸೂಪರ್‌ನೋವಾಗಳಷ್ಟು.

ಒಂದು ಅಲೆಗೂ ಮುಂದಿನ ಅಲೆಗೂ ನಡುವೆ ಸುಮಾರು 35,000 ಜ್ಯೋತಿರ್ವರ್ಷ. ಒಂದು ಅಲೆ ದಾಟಿ ಇನ್ನೊಂದು ಬರೋಕೆ ಹೆಚ್ಚೂಕಡಿಮೆ 1 ಕೋಟಿ ವರ್ಷ. ಸಂಗೀತದ ಭಾಷೆಗೆ ತಂದರೆ ಅದು ಬಿ ಫ್ಲ್ಯಾಟ್ ಸ್ವರ. ನಮ್ಮ ಶ್ರುತಿಪೆಟ್ಟಿಗೆಯ ಲೆಕ್ಕದಲ್ಲಿ ಆರೂವರೆ ಮನೆ. ಇರೋದು ಎಲ್ಲಿ? ಪಿಯಾನೋದ ನಡುಮನೆ ಸಿ ಸ್ವರಕ್ಕಿಂತ 57 ಸ್ಥಾಯಿ ಕೆಳಗೆ. ಒಳ್ಳೆಯ ಗಾಯಕರು ಎರಡೂವರೆ, ಮೂರು ಸ್ಥಾಯಿ ಓಡಾಡಿದರೆ ನಾವು ತಲೆದೂಗ್ತೀವಿ. ಇಡೀ ಪಿಯಾನೋದಲ್ಲಿರೋದು ಏಳು ಚಿಲ್ಲರೆ. ಇದು 57. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷ ಆಯ್ತು. ಅಂದಿನಿಂದ ಇವತ್ತಿನವರೆಗೆ ಈ ಹಾಡಿನಲ್ಲಿ ಆಗಿರೋದು ಆರೇಳು ಅಲೆ.

ಇಲ್ಲಿ ಸ್ವಲ್ಪ ನಿಲ್ಲಿ. ಚಂದ್ರ ಏನನ್ನೂ ಕೇಳಿಸಿಕೊಂಡಿಲ್ಲ. ಅದು ನೋಡಿದ್ದು. ಅದೂ ಒಂದೇ ಒಂದು ಫ್ರೇಮ್. ಕೊಳದಲ್ಲಿ ಎದ್ದ ಅಲೆಯ ಒಂದು ಸ್ಟಿಲ್ ಫೋಟೋ ನಮ್ಮ ಹತ್ತಿರ ಇದೆ. ಮುಂದಿನ ಫ್ರೇಮ್ ನೋಡೋಕೆ ಮನುಷ್ಯಕುಲಕ್ಕೆ ಆಯಸ್ಸು ಸಾಲಲ್ಲ. ಉಂಗುರಗಳ ಅಂತರ ಅಳೆದು, ಆ ಅನಿಲದಲ್ಲಿ ಶಬ್ದದ ವೇಗ ಎಷ್ಟಿರಬೇಕು ಅಂತ ಲೆಕ್ಕ ಹಾಕಿ, ಸ್ವರವನ್ನ ಊಹಿಸಿದ್ದು. ನನ್ನ ಮಟ್ಟಿಗೆ ಇದೇ ರೋಮಾಂಚನ. ಚಿತ್ರ ನೋಡಿ ಸ್ವರ ಹಿಡಿಯೋದು ಸಾಮಾನ್ಯವೇ?

ಈಗ ಅನುವಾದಕ್ಕೆ ಬರೋಣ. ಈ ಧ್ವನಿರೂಪ ಮೊದಲು ಹೊರಬಂದದ್ದು ಆಗಸ್ಟ್‌ನಲ್ಲಲ್ಲ, 2022ರ ಮೇ ತಿಂಗಳಲ್ಲಿ. ಚಂದ್ರ ತಂಡದ ಕಿಂಬರ್ಲಿ ಆರ್ಕಂಡ್ ಮುಂದಾಳತ್ವದಲ್ಲಿ, ಖಭೌತವಿಜ್ಞಾನಿಯೂ ಸಂಗೀತಗಾರನೂ ಆದ ಮ್ಯಾಟ್ ರುಸ್ಸೊ ಮತ್ತು ಆಂಡ್ರ್ಯೂ ಸಾಂಟಾಗ್ವಿಡ ಸೇರಿ ಇಂಥ ಅನೇಕ ಕೆಲಸ ಮಾಡಿದ್ದಾರೆ. ಮೇ ತಿಂಗಳ ಒಕ್ಕಣೆಯಲ್ಲಿ ವಿಧಾನ ಪ್ರಾಮಾಣಿಕವಾಗಿಯೇ ಇತ್ತು. ಚಿತ್ರದ ಕೇಂದ್ರದಿಂದ ಹೊರಕ್ಕೆ ಒಂದು ಗೆರೆ ಎಳೆದು, ಆ ಗೆರೆಯ ಉದ್ದಕ್ಕೂ ಅಲೆಗಳ ಏರಿಳಿತ ತೆಗೆದುಕೊಂಡರು. ಅದನ್ನ 57 ಮತ್ತು 58 ಸ್ಥಾಯಿ ಮೇಲಕ್ಕೆತ್ತಿದರು. ಅಂದರೆ ಆವರ್ತನವನ್ನ ಸುಮಾರು 1,440 ಕೋಟಿ ಕೋಟಿ ಪಟ್ಟು, ಮತ್ತೆ ಅದರ ಇಮ್ಮಡಿ, ಹೆಚ್ಚಿಸಿದರು. ಆಮೇಲೆ ಆ ಗೆರೆಯನ್ನ ರೇಡಾರ್ ಮುಳ್ಳಿನ ಹಾಗೆ ಚಿತ್ರದ ಸುತ್ತ ತಿರುಗಿಸಿದರು. ಮುಳ್ಳು ಯಾವ ದಿಕ್ಕಲ್ಲಿದೆಯೋ ಆ ದಿಕ್ಕಿನ ಅಲೆ ಕೇಳುತ್ತೆ.

ಕೊನೆಯ ವಾಕ್ಯವನ್ನ ಇನ್ನೊಮ್ಮೆ ಓದಿ. ಕ್ಲಿಪ್ ಉಬ್ಬಿ ಇಳಿಯುತ್ತಲ್ಲ, ಆ ನರಳಿಕೆ ಜಾಸ್ತಿಯಾಗಿ ಕಮ್ಮಿಯಾಗುತ್ತಲ್ಲ, ಅದು ಕಪ್ಪುಕುಳಿ ಹೊತ್ತು ಹೊತ್ತಿಗೆ ದನಿ ಏರಿಸಿದ್ದಲ್ಲ. ಅದು ಮುಳ್ಳು ತಿರುಗಿದ್ದು. ನೀವು ಕೇಳಿದ್ದು ಕಾಲ ಅಲ್ಲ, ಕೋನ. ಎಡದಿಂದ ಬಲಕ್ಕೆ ಒಂದು ಪೇಂಟಿಂಗ್ ಮೇಲೆ ಬೆರಳಾಡಿಸುತ್ತಾ ಬಣ್ಣ ಗಾಢ ಇದ್ದಲ್ಲಿ ಜೋರಾಗಿ, ತೆಳು ಇದ್ದಲ್ಲಿ ಮೆಲ್ಲಗೆ ಗುನುಗಿದ ಹಾಗೆ. ಗುನುಗೋದು ತಪ್ಪಲ್ಲ. ಆದರೆ ಪೇಂಟಿಂಗೇ ಹಾಡಿತು ಅಂದರೆ ನಾನು ಒಪ್ಪಲ್ಲ.

ಆಗಸ್ಟ್ ಟ್ವೀಟಿನ ಒಕ್ಕಣೆ ಹೆಚ್ಚೂಕಡಿಮೆ ಹಾಗೇ ಅಂದಿತು. ನಿಜವಾದ ಶಬ್ದವನ್ನೇ ಹಿಡಿದಿದ್ದೇವೆ, ಅದನ್ನ ವರ್ಧಿಸಿ ಬೇರೆ ದತ್ತಾಂಶದ ಜತೆ ಬೆರೆಸಿದ್ದೇವೆ ಅನ್ನೋ ಅರ್ಥದ ಮಾತು. 'ವರ್ಧಿಸಿ' ಅನ್ನೋದು ವಾಲ್ಯೂಮ್ ಗುಂಡಿಗೆ ಸೇರಿದ ಪದ. ಮೆಲ್ಲಗಿದ್ದದ್ದನ್ನ ಜೋರು ಮಾಡಿದ್ದಾರೆ, ಅಷ್ಟೇ ತಾನೆ ಅಂತ ಓದುಗರು ಅಂದ್ಕೊಳ್ಳೋದು ಸಹಜ. ಮಾಡಿದ್ದು ವಾಲ್ಯೂಮ್ ಕೆಲಸ ಅಲ್ಲ. 1 ಕೋಟಿ ವರ್ಷದ ಒಂದು ಅಲೆಯನ್ನ ಸೆಕೆಂಡಿನ ನೂರಾರನೇ ಒಂದು ಭಾಗಕ್ಕೆ ಮಡಚಿದ್ದು. ಮೇ ತಿಂಗಳ ಮುನ್ನುಡಿಯನ್ನ ಹರಿದು, ಕವರ್ ಮಾತ್ರ ಉಳಿಸಿಕೊಂಡು ಮತ್ತೆ ಮಾರಿದ ಪುಸ್ತಕದಂತೆ ಆಯ್ತು ಇದು. ಜಗತ್ತು ಓದಿದ್ದು ಆ ಕವರನ್ನೇ.

'ಇರಲಿ ಬಿಡಿ, ಜನಕ್ಕೆ ಆಸಕ್ತಿ ಹುಟ್ಟಿತಲ್ಲ' ಅನ್ನೋರಿದ್ದಾರೆ. ಹುಟ್ಟಿದ ಆಸಕ್ತಿ ಎಲ್ಲಿಗೆ ಹೋಯ್ತು ಅನ್ನೋದು ನನ್ನ ಪ್ರಶ್ನೆ. ಕ್ಲಿಪ್ಪಿನ ಜಾನರ್ ಹಾರರ್. ಕಪ್ಪುಕುಳಿ ಅಂದ್ರೆ ನುಂಗಣ್ಣ, ರಾಕ್ಷಸ, ಬಾಯಿ ತೆರೆದ ಯಮ. ನಮ್ಮ ಕನ್ನಡ ಪದಗಳೂ ಇದಕ್ಕೆ ಕುಮ್ಮಕ್ಕು ಕೊಡ್ತವೆ: ಕುಳಿ ಅಂದರೆ ಬೀಳೋ ಜಾಗ, ರಂಧ್ರ ಅಂದರೆ ಸೋರಿಹೋಗೋ ಜಾಗ. ಆದರೆ ಪರ್ಸಿಯಸ್ಸಿನ ಅಲೆಗಳನ್ನ ವಿಜ್ಞಾನಿಗಳು ಯಾಕೆ ಅಷ್ಟು ಹಚ್ಚಿಕೊಂಡರು ಗೊತ್ತಾ? ಅವು ಒಂದು ಹಳೇ ಒಗಟಿಗೆ ಉತ್ತರ ಆಗಬಹುದು ಅಂತ. ಅಷ್ಟು ಕಾದ ಅನಿಲ ಎಕ್ಸ್-ರೇ ಸುರಿಸುತ್ತಾ ಸುರಿಸುತ್ತಾ ತಣ್ಣಗಾಗಬೇಕು. ತಣ್ಣಗಾದರೆ ನಡುವಿಗೆ ಕುಸಿದು ನಕ್ಷತ್ರಗಳಾಗಬೇಕು, ವರ್ಷಕ್ಕೆ ನೂರಾರು ಸೂರ್ಯರಷ್ಟು. ಹುಡುಕಿದರೆ ಅಷ್ಟು ಹೊಸ ನಕ್ಷತ್ರಗಳು ಇಲ್ಲ. ಅಂದರೆ ಯಾರೋ ಒಲೆಗೆ ಕಟ್ಟಿಗೆ ಒಟ್ಟುತ್ತಲೇ ಇದ್ದಾರೆ. ಆ 'ಯಾರೋ' ನಡುವಿನ ಕಪ್ಪುಕುಳಿ. ಅನಿಲ ತಣಿದು ಒಳಕ್ಕೆ ಬಿದ್ದರೆ ಕಪ್ಪುಕುಳಿಗೆ ಊಟ ಸಿಗುತ್ತೆ. ಊಟ ಸಿಕ್ಕರೆ ಕಾರಂಜಿ ಚಿಮ್ಮುತ್ತೆ. ಕಾರಂಜಿ ಗುಳ್ಳೆ ಊದುತ್ತೆ. ಗುಳ್ಳೆ ಅಲೆ ಎಬ್ಬಿಸುತ್ತೆ. ಅಲೆ ಮತ್ತೆ ಅನಿಲವನ್ನ ಬೆಚ್ಚಗಿಡುತ್ತೆ. ಬೆಚ್ಚಗಾದರೆ ಊಟ ಕಮ್ಮಿ. ಮನೆಯ ಗೀಸರಿನ ಥರ್ಮೋಸ್ಟಾಟ್ ಇದೇ ತತ್ವದ ಮೇಲೆ ಕೆಲಸ ಮಾಡೋದು.

ಈ ಅಲೆಗಳೇ ಶಾಖ ಒಯ್ಯುತ್ತವಾ, ಅಥವಾ ಅನಿಲದ ಕಲಕಾಟವಾ? 2016ರಲ್ಲಿ ಜಪಾನಿನ ಹಿಟೋಮಿ ಎಂಬ ಎಕ್ಸ್-ರೇ ದೂರದರ್ಶಕ ಇದೇ ಪರ್ಸಿಯಸ್ಸನ್ನ ನೋಡಿತು. ಕಬ್ಬಿಣದ ಪರಮಾಣುಗಳು ಸೂಸುವ ಎಕ್ಸ್-ರೇ ಗೆರೆಗಳ ಅಗಲ ಅಳೆದು ಅನಿಲ ಎಷ್ಟು ಕದಡಿದೆ ಅಂತ ಹೇಳಿತು: ಸೆಕೆಂಡಿಗೆ 164 ಕಿಲೋಮೀಟರ್. ಕೇಳೋಕೆ ಭಾರೀ ವೇಗ, ಆದರೆ ಅಲ್ಲಿಯ ಶಬ್ದದ ವೇಗ ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಮೇಲೆ. ಆ ಹೋಲಿಕೆಯಲ್ಲಿ ಅನಿಲ ಆಶ್ಚರ್ಯ ಅನ್ನಿಸುವಷ್ಟು ಶಾಂತ. ಇಷ್ಟು ಮೆಲ್ಲಗಿನ ಕಲಕಾಟ ಶಾಖವನ್ನ ದೂರದೂರಕ್ಕೆ ಮುಟ್ಟಿಸೋದು ಕಷ್ಟ, ಶಬ್ದದ ಅಲೆಗಳಿಗೆ ಆ ವೇಗ ಇದೆ ಅಂತ ಫೇಬಿಯನ್ ತಂಡ ಮುಂದಿನ ವರ್ಷ ವಾದಿಸಿತು. ಹಿಟೋಮಿ ಹಾರಿದ್ದು ಫೆಬ್ರವರಿ 17ಕ್ಕೆ. ಸಂಪರ್ಕ ಕಳಕೊಂಡದ್ದು ಮಾರ್ಚ್ 26ಕ್ಕೆ. ತಿರುಗಾಟ ನಿಯಂತ್ರಿಸುವ ವ್ಯವಸ್ಥೆ ಕೈಕೊಟ್ಟು, ಗಿರಗಿರ ತಿರುಗಿ, ಚೂರಾಯಿತು. ಬದುಕಿದ್ದ ಆರು ವಾರಕ್ಕೂ ಕಮ್ಮಿ ಅವಧಿಯಲ್ಲಿ ಅದು ಮಾಡಿಟ್ಟ ಕೆಲಸ ಇದು.

ಇಷ್ಟೆಲ್ಲ ಇರುವ ಕಥೆಯಲ್ಲಿ ನಮಗೆ ದಾಟಿದ್ದು ಏನು? 'ಊಊಊ'. ನರಳಿಕೆ. ಒಲೆ ಕಾಯುವವಳ ಪದವನ್ನ ದೆವ್ವದ ಕೂಗು ಅಂತ ಅನುವಾದ ಮಾಡಿದರೆ, ಪ್ರತಿ ಸ್ವರ ಸರಿ ಇದ್ದರೂ ಅನುವಾದ ತಪ್ಪು.

ಎದುರು ವಾದ ಒಂದಿದೆ, ಅದು ಗಟ್ಟಿ ವಾದ. ಈ ಧ್ವನಿರೂಪಗಳ ಯೋಜನೆಯಲ್ಲಿ ಕಣ್ಣು ಕಾಣದವರಿಗೂ ಆಕಾಶ ತಲುಪಬೇಕು ಅನ್ನೋ ಆಸೆ ಇದೆ. ಅದನ್ನ ನಾನು ಹಗುರವಾಗಿ ಕಾಣಲ್ಲ. ಪೋರ್ಟೊ ರಿಕೊದ ವಾಂಡಾ ಡಿಯಾಸ್-ಮೆರ್ಸೆಡ್ ಎಂಬ ಖಗೋಳವಿಜ್ಞಾನಿ ಯೌವನದಲ್ಲೇ ದೃಷ್ಟಿ ಕಳಕೊಂಡವರು. ಗ್ರಾಫ್ ನೋಡೋಕೆ ಆಗದಿದ್ದಾಗ ಅವರು ದತ್ತಾಂಶವನ್ನ ದನಿಯಾಗಿಸಿಕೊಂಡು ಸಂಶೋಧನೆ ಮುಂದುವರಿಸಿದರು. ಗಾಮಾ ಕಿರಣಗಳ ಸ್ಫೋಟದ ದತ್ತಾಂಶದಲ್ಲಿ ಕಣ್ಣಿಗೆ ತಪ್ಪಿಹೋಗಬಹುದಾದ ಲಯಗಳನ್ನ ಕಿವಿ ಹಿಡಿಯುತ್ತೆ ಅಂತ ತೋರಿಸಿಕೊಟ್ಟರು. ಅಲ್ಲಿ ದನಿ ಒಂದು ಉಪಕರಣ. ಯಾವ ಸ್ವರ ಯಾವ ಅಳತೆ ಅಂತ ಅವರಿಗೆ ಗೊತ್ತು. ನನ್ನ ತಕರಾರು ಇರೋದು ಕೀಲಿಕೈ ಕೊಡದೇ ಇರೋದರ ಬಗ್ಗೆ. ನಕ್ಷೆಯ ಮೂಲೆಯಲ್ಲಿ 'ಒಂದು ಇಂಚಿಗೆ ಇಷ್ಟು ಮೈಲಿ' ಅಂತ ಇರುತ್ತಲ್ಲ, ಅದು ಇಲ್ಲದ ನಕ್ಷೆ ಕಣ್ಣಿದ್ದವರಿಗೂ ಇಲ್ಲದವರಿಗೂ ಸಮಾನವಾಗಿ ನಿರುಪಯೋಗಿ. ಕಣ್ಣು ಕಾಣದವರಿಗೆ ಕೊಡೋದು ಅಂದಮೇಲಂತೂ ಅಳತೆಪಟ್ಟಿ ಇನ್ನೂ ಮುಖ್ಯ. ಅವರಿಗೆ ದನಿಯೇ ಆಧಾರ, ನಮ್ಮ ಹಾಗೆ ಪಕ್ಕದ ಚಿತ್ರ ನೋಡಿ ಅಂದಾಜು ಮಾಡೋಕೆ ಆಗಲ್ಲ.

ಇನ್ನೊಂದು ಕೊರತೆ ಇದೆ. ಇದೇ ಎನ್‌ಜಿಸಿ 1275ಕ್ಕೆ ಇನ್ನೊಂದು ಗಡಿಯಾರ ಉಂಟು. 2016 ಮುಗಿದು 2017 ಹುಟ್ಟಿದ ರಾತ್ರಿ, ಸ್ಪೇನಿನ ಲಾ ಪಾಲ್ಮಾ ದ್ವೀಪದಲ್ಲಿರುವ ಮ್ಯಾಜಿಕ್ ದೂರದರ್ಶಕಗಳು ಈ ಗ್ಯಾಲಕ್ಸಿಯಿಂದ ಗಾಮಾ ಕಿರಣಗಳ ದೊಡ್ಡ ಭುಗಿಲನ್ನ ಕಂಡವು. ಸುಮಾರು 10 ಗಂಟೆಯಲ್ಲಿ ಹೊಳಪು ಇಮ್ಮಡಿಯಾಗುವಷ್ಟು ವೇಗ. ಈ ಸಂಖ್ಯೆ ಬಹಳ ಮಾತಾಡುತ್ತೆ. ಒಂದು ವಸ್ತು 10 ಗಂಟೆಯಲ್ಲಿ ಬದಲಾಯಿತು ಅಂದರೆ, ಒಂದಿಷ್ಟು ತಿದ್ದುಪಡಿ ಬಿಟ್ಟರೆ, ಬೆಳಕು 10 ಗಂಟೆಯಲ್ಲಿ ದಾಟುವುದಕ್ಕಿಂತ ಅದು ತೀರಾ ದೊಡ್ಡದಿರೋಕೆ ಸಾಧ್ಯವಿಲ್ಲ. ಅಂದರೆ ಇಡೀ ಗ್ಯಾಲಕ್ಸಿಯನ್ನ ಮೀರಿಸುವ ಆ ಭುಗಿಲು ಎದ್ದದ್ದು ಹೆಚ್ಚೂಕಡಿಮೆ ನಮ್ಮ ಸೌರವ್ಯೂಹದಷ್ಟು ಜಾಗದಿಂದ. ಯಾವ ಫೋಟೋವೂ ತೋರಿಸಲಾಗದ್ದನ್ನ ಒಂದು ಗಡಿಯಾರ ತೋರಿಸಿತು. 2022ರ ಡಿಸೆಂಬರ್ ಮತ್ತು 2023ರ ಜನವರಿಯಲ್ಲಿ ಇದೇ ಗ್ಯಾಲಕ್ಸಿ ಮತ್ತೆ ಭುಗಿಲೆದ್ದಾಗ ಅದನ್ನ ಹಿಡಿದದ್ದು ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4,300 ಮೀಟರ್ ಎತ್ತರದಲ್ಲಿ ನಿಂತಿರುವ ನಮ್ಮದೇ ಮೇಸ್ ದೂರದರ್ಶಕ. 21 ಮೀಟರ್ ಅಗಲದ ಅದರ ತಟ್ಟೆ, ಗಾಮಾ ಕಿರಣ ಗಾಳಿಗೆ ಬಡಿದಾಗ ಕ್ಷಣಮಾತ್ರ ಮಿಂಚುವ ನೀಲಿ ಬೆಳಕನ್ನ ಹಿಡಿಯುತ್ತೆ. ಒಂದೇ ಕಪ್ಪುಕುಳಿ: ಉಸಿರಾಟಕ್ಕೆ 1 ಕೋಟಿ ವರ್ಷ, ಸಿಡುಕಿಗೆ ಒಂದು ರಾತ್ರಿ. ಈ ಎರಡು ಕಾಲಗಳ ಜಗ್ಗಾಟವೇ ಸಕ್ರಿಯ ಗ್ಯಾಲಕ್ಸಿ ಅನ್ನೋದರ ತಿರುಳು. ಕಾಲವನ್ನೇ ಅಳಿಸಿಹಾಕಿದ ಕ್ಲಿಪ್ಪಿಗೆ ಇದನ್ನ ಹೇಳೋಕೆ ಬಾಯಿಲ್ಲ.

ಟೀಕೆ ಮಾಡೋರು ಒಂದು ಪರ್ಯಾಯವನ್ನೂ ತೋರಿಸಬೇಕು. ತೋರಿಸ್ತೀನಿ.

ಶ್ರವಣ ನಕ್ಷತ್ರ ಇರುವ ಗರುಡ ಪುಂಜದಲ್ಲಿ ಜಿಆರ್‌ಎಸ್ 1915+105 ಅನ್ನೋ ಕಪ್ಪುಕುಳಿ ಇದೆ. ಹೆಸರು ಆಧಾರ್ ನಂಬರಿನ ಹಾಗಿದೆ, ಕ್ಷಮಿಸಿ. ಅದು ಆಕಾಶದಲ್ಲಿ ಅದರ ವಿಳಾಸ. ನಮ್ಮದೇ ಹಾಲುಹಾದಿಯೊಳಗೆ, ಸುಮಾರು 28,000 ಜ್ಯೋತಿರ್ವರ್ಷ ದೂರ. ತೂಕ ಸುಮಾರು 12 ಸೂರ್ಯರಷ್ಟು. ಜೊತೆಗಿರುವ ನಕ್ಷತ್ರದಿಂದ ಅನಿಲ ಎಳೆದುಕೊಳ್ಳುತ್ತೆ. 1992ರಲ್ಲಿ ಇದ್ದಕ್ಕಿದ್ದಂತೆ ಎಕ್ಸ್-ರೇಯಲ್ಲಿ ಹೊತ್ತಿಕೊಂಡು 2018ರವರೆಗೂ ಪ್ರಖರವಾಗಿ ಉರಿಯಿತು. ಚಿಕ್ಕ ಕಪ್ಪುಕುಳಿ ಅಂದರೆ ವೇಗದ ಗಡಿಯಾರ. ಇದರ ಎಕ್ಸ್-ರೇ ಹೊಳಪಿನ ಗ್ರಾಫ್ ನೋಡಿದರೆ ಆಸ್ಪತ್ರೆಯ ಇಸಿಜಿ ನೆನಪಾಗುತ್ತೆ. ಒಂದು ಬಗೆಯ ಏರಿಳಿತಕ್ಕೆ ವಿಜ್ಞಾನಿಗಳೇ 'ಎದೆಬಡಿತ' ಅಂತ ಹೆಸರಿಟ್ಟಿದ್ದಾರೆ: ಸುಮಾರು 50 ಸೆಕೆಂಡಿಗೊಮ್ಮೆ ಏರು, ಇಳಿ. ಇಲ್ಲಿ ಯಾರೂ ಕಾಲವನ್ನ ಮಡಚಿಲ್ಲ. ನೀವು ಕಾಫಿ ಹೀರುತ್ತಾ ಕೂತು ನೋಡಬಹುದಾದ ವೇಗ.

ಈ ಕಪ್ಪುಕುಳಿಯ ಲಯ ಹಿಡಿದ ಮೊದಮೊದಲ ಉಪಕರಣಗಳಲ್ಲಿ ಒಂದು ನಮ್ಮದು. 1996ರ ಮಾರ್ಚ್‌ನಲ್ಲಿ ಶ್ರೀಹರಿಕೋಟಾದಿಂದ ಹಾರಿದ ಐಆರ್‌ಎಸ್-ಪಿ3 ಭೂಮಿಯನ್ನ ನೋಡೋಕೆ ಮಾಡಿದ ಉಪಗ್ರಹ. ಅದರ ಮೇಲೆ ಒಂದು ಎಕ್ಸ್-ರೇ ಉಪಕರಣವೂ ಏರಿತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರ ಸೇರಿ ಮಾಡಿದ್ದು. ಹಳೇ ಏರ್‌ಪೋರ್ಟ್ ರೋಡಿನ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡಾಗ ಪಕ್ಕದಲ್ಲಿ ಕಾಣುವ ಅದೇ ಕೇಂದ್ರ. ಆ ಉಪಕರಣ ಈ ಕಪ್ಪುಕುಳಿಯಿಂದ ಮೇಲಿಂದ ಮೇಲೆ ಬರುವ ಎಕ್ಸ್-ರೇ ಸಿಡಿತಗಳನ್ನ ದಾಖಲಿಸಿತು. ನಿಧಾನಕ್ಕೆ ಏರಿ ಥಟ್ಟನೆ ಬೀಳುವ ಆಕಾರ. ಕಾದ ಅನಿಲ ಘಟನಾ ದಿಗಂತ ದಾಟಿ ಮರೆಯಾದದ್ದರ ಗುರುತು ಇದಾಗಿರಬಹುದು ಅಂತ 1998ರಲ್ಲಿ ಆ ತಂಡ ವಾದ ಮಂಡಿಸಿತು. ನೆಲಕ್ಕೆ ಬಡಿದಿದ್ದರೆ ಒಂದು ಕೊನೆಯ ಹೊಳಪು ಇರಬೇಕಿತ್ತಲ್ಲ, ಅದಿಲ್ಲ. ಬಡಿಯೋಕೆ ನೆಲವೇ ಇಲ್ಲ.

ಇನ್ನೂ ಒಂದಿದೆ, ನನಗೆ ಬಹಳ ಇಷ್ಟದ್ದು. ಇದೇ ವಸ್ತುವಿನ ಎಕ್ಸ್-ರೇ ಬೆಳಕು ಕೆಲವೊಮ್ಮೆ ಸೆಕೆಂಡಿಗೆ 67 ಸಲದ ಆಸುಪಾಸು ಮಿಡಿಯುತ್ತೆ. ಅಮೆರಿಕದ ಉಪಗ್ರಹವೊಂದು 1990ರ ದಶಕದಲ್ಲಿ ಅದನ್ನ ಮೊದಲು ಕಂಡಿತು. 2015ರ ಸೆಪ್ಟೆಂಬರ್ 28ಕ್ಕೆ ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಆ ಮಿಡಿತ 67ರಿಂದ 72ರವರೆಗೆ ಅತ್ತಿತ್ತ ಸರಿದಾಡೋದನ್ನ ತೋರಿಸಿತು. ಸೆಕೆಂಡಿಗೆ 67 ಅಂದರೆ ಏನು ಗೊತ್ತಾ? ಮನುಷ್ಯರ ಕಿವಿಗೆ ಕೇಳುವ ಆವರ್ತನ. ಒಂದು ಅಥವಾ ಒಂದೂವರೆ ಮನೆ ಶ್ರುತಿಯಲ್ಲಿ ಹಾಡುವವರ ತಂಬೂರಿಯ ಮಂದ್ರ ಷಡ್ಜದ ಅಕ್ಕಪಕ್ಕ. ಪರ್ಸಿಯಸ್ಸಿಗೆ 57 ಸ್ಥಾಯಿ ಏಣಿ ಹಾಕಬೇಕು. ಇದಕ್ಕೆ ಒಂದು ಮೆಟ್ಟಿಲೂ ಬೇಡ. ಹಾಗಂತ ಇದೂ ಶಬ್ದ ಅಲ್ಲ, ಬೆಳಕಿನ ಮಿಣುಕು. ದತ್ತಾಂಶವನ್ನ ನೇರ ಸ್ಪೀಕರಿಗೆ ಕೊಟ್ಟರೆ ಕೇಳೋದು ಸುಯ್ಯೆನ್ನುವ ಗದ್ದಲ. ಮಿಡಿತ ಅಷ್ಟು ಕ್ಷೀಣ, ಗಣಿತದ ಜರಡಿ ಹಿಡಿದರೇ ಸಿಗೋದು. ಇದು ಯಾಕೆ ಹೀಗೆ ಮಿಡಿಯುತ್ತೆ ಅನ್ನೋ ಚರ್ಚೆಯೂ ಮುಗಿದಿಲ್ಲ. ಆದರೆ ಕಪ್ಪುಕುಳಿಯ ತೀರಾ ಅಂಚಿನ ಅನಿಲದ ಕುಣಿತಕ್ಕೆ ಇದು ಸಂಬಂಧಿಸಿದ್ದು ಅನ್ನೋದು ಅದರ ವೇಗದಿಂದಲೇ ತಿಳಿಯುತ್ತೆ. ಬೇರೆ ಯಾವ ಜಾಗದಲ್ಲೂ ಅಷ್ಟು ಬೇಗ ಸುತ್ತೋಕೆ ಆಗಲ್ಲ.

ಇದರ 34 ಸೆಕೆಂಡಿನ ಕ್ಲಿಪ್ ನಿಮ್ಮ ಗ್ರೂಪಿಗೆ ಬಂತಾ? ನನಗಂತೂ ಬರಲಿಲ್ಲ. ಇಲ್ಲಿ ನನ್ನ ಟೀಕೆಯ ಮುಖ ನಾಸಾದಿಂದ ನಮ್ಮ ಕಡೆ ತಿರುಗುತ್ತೆ. ಅವರು ಅನುವಾದ ಅಂತ ಹೇಳೋದನ್ನ ಬಿಟ್ಟರು. ನಾವು ಅನುವಾದವನ್ನೇ ಮಾಡಲಿಲ್ಲ. ಉಡಾವಣೆಯ ದಿನ ನಮ್ಮ ಚಾನೆಲ್‌ಗಳಲ್ಲಿ ಕೌಂಟ್‌ಡೌನ್, ಹೆಮ್ಮೆ, ತೆಂಗಿನಕಾಯಿ. ಫಲಿತಾಂಶ ಬಂದ ದಿನ ನಿಶ್ಶಬ್ದ. 2024ರ ಜನವರಿ 1ಕ್ಕೆ ಎಕ್ಸ್‌ಪೋಸ್ಯಾಟ್ ಹಾರಿದಾಗ ಹೊಸ ವರ್ಷದ ಗಿಫ್ಟ್ ಅಂತ ಶೀರ್ಷಿಕೆ ಕೊಟ್ಟೆವು. ಅದರ ಮುಖ್ಯ ಉಪಕರಣ ಮಾಡಿದ್ದು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಅದು ಎಕ್ಸ್-ರೇ ಯಾವ ದಿಕ್ಕಿಗೆ ಕಂಪಿಸುತ್ತೆ ಅಂತ ಅಳೆದು ಆ ಬೆಳಕು ಹುಟ್ಟಿದ ಜಾಗದ ಆಕಾರ ಹೇಳಬಲ್ಲದು ಅನ್ನೋದು ಎಷ್ಟು ಜನಕ್ಕೆ ತಲುಪಿತು? ಆಸ್ಟ್ರೋಸ್ಯಾಟ್‌ನ ದತ್ತಾಂಶ ಬೆಂಗಳೂರಿನ ಹೊರಗೆ, ಬ್ಯಾಲಾಳುವಿನಲ್ಲಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪೈಥಾನ್ ಬರುವ, ವೀಕೆಂಡಿಗೆ ಸೈಡ್ ಪ್ರಾಜೆಕ್ಟ್ ಹುಡುಕುವ ಲಕ್ಷಾಂತರ ಮಂದಿ ಇರುವ ಊರಿದು. ತಂಬೂರಿ ಶ್ರುತಿ ಮಾಡಬಲ್ಲವರೂ ಕಮ್ಮಿಯಿಲ್ಲ. ಈ ಎರಡು ಗುಂಪು ಒಂದು ಟೇಬಲ್ಲಿಗೆ ಬಂದರೆ ಸಾಕು.

ಬಂದು ಮಾಡಿದರೆ, ಕೆಳಗೆ ಮೂರು ಸಾಲು ಬರೆಯಿರಿ ಅನ್ನೋದಷ್ಟೇ ನನ್ನ ಕೋರಿಕೆ. ಒಂದು, ಮೂಲದಲ್ಲಿ ಇದ್ದದ್ದು ಏನು: ಬೆಳಕಾ, ಅಲೆಯಾ, ಸಂಖ್ಯೆಯಾ. ಎರಡು, ಕ್ಲಿಪ್ಪಿನ ಒಂದು ಸೆಕೆಂಡ್ ಅಂದರೆ ಅಲ್ಲಿ ಎಷ್ಟು ಹೊತ್ತು, ಅಥವಾ ಎಷ್ಟು ಕೋನ. ಮೂರು, ಇದರಲ್ಲಿ ಕೇಳಿಸದೇ ಹೋದದ್ದು ಏನು. ಈ ಮೂರು ಸಾಲಿನಿಂದ ರೋಮಾಂಚನ ಕಮ್ಮಿಯಾಗುತ್ತೆ ಅಂತ ಯಾರಾದರೂ ಅಂದರೆ ಪರ್ಸಿಯಸ್ ಕ್ಲಿಪ್ಪನ್ನ ಇನ್ನೊಮ್ಮೆ ಹಾಕಿ ಕೇಳಿಸಿ. ಈ ಸಲ ಮುಳ್ಳು ಯಾವ ದಿಕ್ಕಲ್ಲಿದೆ ನೋಡುತ್ತಾ, ಒಂದೊಂದು ಅಲೆಯ ಬೆನ್ನಿಗೂ 1 ಕೋಟಿ ವರ್ಷ ಇದೆ ಅಂತ ನೆನೆಯುತ್ತಾ, ಅಲ್ಲೊಂದು ಒಲೆ ಆರದ ಹಾಗೆ ನೋಡಿಕೊಳ್ಳೋರು ಇದ್ದಾರೆ ಅಂತ ಗೊತ್ತಿದ್ದುಕೊಂಡು ಕೇಳಲಿ. ಹೆಡ್‌ಫೋನ್ ಒಳ್ಳೇದಿರಲಿ, ಬೇಸ್ ಚೆನ್ನಾಗಿ ಬರಬೇಕು.